ದೀಪ ದೊಡ್ಡದಾಯಿತು

॥ ಶ್ರೀ ॥
ಚಾಂದ್‌ಖೇಡಾ, ಅಹಮದಾಬಾದ್
೬ ಜುಲೈ ೨೦೨೫, ಭಾನುವಾರ

ಚಿ. ವಿಂಧ್ಯಾಳಿಗೆ ನಿನ್ನ ಅತ್ತೆ ಗೌರಮ್ಮ ಮಾಡುವ ಆಶೀರ್ವಾದ.

ಇವತ್ತು ಪ್ರಥಮ ಏಕಾದಶಿ. ನೀರೂ ಕುಡಿಯದ ಉಪವಾಸ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ದೇವರ ಪಾತ್ರೆ ಹುಣಸೆಹಣ್ಣಿನಲ್ಲಿ ತಿಕ್ಕಿ, ಕುಂಡದ ತುಳಸಿಯ ಒಣಗಿದ ಕಡ್ಡಿ ತೆಗೆದೆ. ನಿಮ್ಮ ಮಾವನಿಗೆ ಅವಲಕ್ಕಿ ಕಲಸಿಟ್ಟೆ. "ಏಕಾದಶಿ ದಿನವೂ ಅವಲಕ್ಕಿನಾ" ಅಂದರೆ, "ಸಕ್ಕರೆ ಕಾಯಿಲೆಯವರಿಗೆ ದೇವರು ರಿಯಾಯಿತಿ ಕೊಟ್ಟಿದ್ದಾನೆ ಕಣೆ" ಅಂತಾರೆ. ಯಾವ ದೇವರು, ಯಾವಾಗ ಕೊಟ್ಟ ಅಂತ ಕೇಳಲಿಲ್ಲ. ಹಸಿದಾಗ ಜಗಳ ಬೇಡ.

ವಿಷಯ ಏನೆಂದರೆ, ಈ ಸಲದ ಚಾತುರ್ಮಾಸ್ಯಕ್ಕೆ ತರಕಾರಿ, ಮೊಸರು, ಹಾಲು, ಬೇಳೆ ಒಂದೊಂದು ತಿಂಗಳು ಬಿಡುವುದರ ಜೊತೆಗೆ ಮೊಬೈಲನ್ನೂ ಬಿಟ್ಟಿದ್ದೇನೆ. ಉತ್ಥಾನ ದ್ವಾದಶಿಯವರೆಗೆ ಮುಟ್ಟುವುದಿಲ್ಲ, ನಿಮ್ಮ ಮಾವನ ಫೋನಿನಲ್ಲೂ ಮಾತಾಡುವುದಿಲ್ಲ. ಬದನೆಕಾಯಿ ಬಿಡುವುದು ನನಗೇನೂ ಕಷ್ಟವಲ್ಲ. ಫೋನು ಕಷ್ಟ. ಕಷ್ಟವಾದದ್ದನ್ನು ಬಿಟ್ಟರೆ ತಾನೆ ವ್ರತ.

ಆದ್ದರಿಂದ ನೀನು ನನಗೆ ಕಾಗದ ಬರೆಯಬೇಕು. ಕನ್ನಡದಲ್ಲಿ. ಸೂರತ್ತಿನಲ್ಲಿ ಹುಟ್ಟಿ ಬೆಳೆದವಳು ಅಂತ ನಿನಗೆ ರಿಯಾಯಿತಿ ಇಲ್ಲ. ಎರಡು ಬೇಸಿಗೆ ರಜೆ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದ್ದೇನೆ.

ನಮ್ಮ ಕ್ವಾರ್ಟರ್ಸ್ ಹಿಂದಿನ ಹಳ್ಳಿಯಿಂದ ಹಾಲು ತರುತ್ತಿದ್ದ ಕಂಕುಬೆನ್ ನಿನಗೆ ನೆನಪಿರಬೇಕು. ಎಮ್ಮೆಯ ಕಿವಿಯಿಂದ ಉಣ್ಣಿ ಕಿತ್ತು ಬರೀ ಉಗುರಲ್ಲಿ ಹಿಸುಕುತ್ತಿದ್ದಳು. ಹೋದ ವರ್ಷ ಜ್ವರ ಬಂತು, ಮೂಗಲ್ಲಿ ಒಸಡಲ್ಲಿ ರಕ್ತ ಬಂತು, ಆರು ದಿನಕ್ಕೆ ಹೋಗಿಬಿಟ್ಟಳು. ಉಣ್ಣಿಯಿಂದ ಬರುವ ವೈರಸ್ ಅಂದರು. ಈಗ ಅವಳ ಮಗಳು ಜಶೀ ಹಾಲು ತರುತ್ತಾಳೆ. ಅವಳಿಗೆ ರಬ್ಬರ್ ಗವಸು ಕೊಡಿಸಿದ್ದೇನೆ. ಮೊನ್ನೆ ಕ್ಯಾನು ಇಳಿಸಿ, "ಮಾಸಿ, ನಿಮ್ಮ ಅಣ್ಣನ ಮಗಳು ವಡೋದರಾದಲ್ಲಿ ಇದೇ ಜ್ವರದ ಮೇಲೆ ಓದ್ತಾಳಂತಲ್ಲ, ಏನು ಮಾಡ್ತಾಳೆ?" ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ನಾಲ್ಕು ವರ್ಷದಿಂದ ನೀನು ಹೇಳುತ್ತಲೇ ಇದ್ದೀಯ, ನಾನು ಹೂಂಗುಟ್ಟುತ್ತಲೇ ಇದ್ದೇನೆ. ನಾಚಿಕೆಯಾಯಿತು. ಜಶೀಗೆ ಹೇಳುವ ಹಾಗೆ ನನಗೆ ಬರೆ.

ಇಂತಿ ಆಶೀರ್ವಾದ,
ಗೌರಮ್ಮ


ವಡೋದರಾ
೧೫ ಜುಲೈ ೨೦೨೫

ಪ್ರೀತಿಯ ಅತ್ತೆ,

ನನ್ನ ಕನ್ನಡ ನೋಡಿ ನಗಬೇಡಿ. ಒಂದು ಪೇಜ್ ಬರೆಯಲು ಎರಡು ಸಂಜೆ ಆಯಿತು.

ವೈರಸ್‌ಗೆ ಸ್ವಂತ ಅಡುಗೆಮನೆ ಇಲ್ಲ. ಒಲೆ ಇಲ್ಲ, ಪಾತ್ರೆ ಇಲ್ಲ. ಅದರ ಹತ್ತಿರ ಇರುವುದು ಒಂದು ಚೀಟಿ ಮಾತ್ರ. "ನನ್ನಂಥವರನ್ನು ಇನ್ನೂ ಸಾವಿರ ಮಾಡಿ" ಅಂತ ಆ ಚೀಟಿಯಲ್ಲಿ ಬರೆದಿದೆ. ಉಣ್ಣಿ ಕಚ್ಚಿದಾಗ ಅದು ನಮ್ಮ ಜೀವಕೋಶದ ಒಳಗೆ ಬರುತ್ತದೆ. ಅಲ್ಲಿರುವ ಪ್ರೋಟೀನ್‌ಗಳು ನಮ್ಮ ಕೆಲಸ ಮಾಡಲು ಇರುವವು. ವೈರಸ್ ಅವುಗಳ ಕೈಯಲ್ಲಿ ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಯಾವ ಪ್ರೋಟೀನ್ ಅದಕ್ಕೆ ಸಹಾಯ ಮಾಡುತ್ತದೆ? ಅದನ್ನು ತೆಗೆದರೆ ವೈರಸ್ ನಿಲ್ಲುತ್ತದಾ? ಅದೇ ನನ್ನ ಪಿಎಚ್‌ಡಿ.

ಹೆದರಬೇಡಿ, ನಮ್ಮ ಲ್ಯಾಬಿನಲ್ಲಿ ಪೂರ್ತಿ ವೈರಸ್ ಇಲ್ಲ. ಅದರ ಕೆಲವು ತುಂಡು ಮಾತ್ರ. ಅದರಿಂದ ಯಾರಿಗೂ ಕಾಯಿಲೆ ಬರುವುದಿಲ್ಲ. ಆ ತುಂಡುಗಳ ಜೊತೆ ಮಿಂಚುಹುಳದ ಬೆಳಕು ಸೇರಿಸಿದ್ದೇವೆ. ವೈರಸ್ ಕೆಲಸ ನಡೆದರೆ ಜೀವಕೋಶದಲ್ಲಿ ದೀಪ ಹತ್ತುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೆಷೀನು ಅಳೆಯುತ್ತದೆ. ನಾನು ಒಂದು ಪ್ರೋಟೀನ್ ಮೇಲೆ ಅನುಮಾನ ಇಟ್ಟಿದ್ದೇನೆ. ಅದನ್ನು ತೆಗೆದಾಗ ದೀಪ ಆರಿದರೆ ನಾನು ಗೆದ್ದೆ.

ನನ್ನ ಗೈಡ್ ಪಟ್ಟಾಭಿರಾಮ ಸರ್ ದೀಪಾವಳಿವರೆಗೆ ಟೈಮ್ ಕೊಟ್ಟಿದ್ದಾರೆ. ಅಷ್ಟರೊಳಗೆ ಆರದಿದ್ದರೆ ಈ ವಿಷಯ ಮುಚ್ಚಿ ಬೇರೆ ವಿಷಯ ಹಿಡಿಯಬೇಕು. ನಾಲ್ಕು ವರ್ಷ ಹೋದ ಹಾಗೆ. ಅಪ್ಪನಿಗೆ ಹೇಳಬೇಡಿ. ಅಪ್ಪ ಸೂರತ್ತಿನ ನಮ್ಮ ಅಡಾಜಣ್ ಬಡಾವಣೆ ಪೂರ್ತಿ ಹೇಳಿಕೊಂಡು ಬರುತ್ತಾರೆ. ದೇವರ ಹತ್ತಿರ ನನ್ನ ದೀಪ ಆರಲಿ ಅಂತ ಕೇಳಿಕೊಳ್ಳಿ.

ನಿಮ್ಮ ವಿಂಧ್ಯಾ


॥ ಶ್ರೀ ॥
ಚಾಂದ್‌ಖೇಡಾ
೨೧ ಜುಲೈ ೨೦೨೫, ಸೋಮವಾರ, ಏಕಾದಶಿ

ಚಿ. ವಿಂಧ್ಯಾಳಿಗೆ ಆಶೀರ್ವಾದ.

ಕಾಗದ ಬಂತು. ಅಕ್ಷರ ದುಂಡಗಿದೆ. ಎರಡು ತಪ್ಪು ಮಾತ್ರ ಹೇಳುತ್ತೇನೆ.

ಮೊದಲನೆಯದು, ತಲೆಯಲ್ಲಿ ಶ್ರೀಕಾರ ಹಾಕಿಲ್ಲ. ಶ್ರೀಕಾರ ಇಲ್ಲದ ಕಾಗದವನ್ನು ನಮ್ಮ ತಂದೆ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಸಾವಿನ ಸುದ್ದಿಯ ಕಾಗದಕ್ಕೆ ಮಾತ್ರ ಅದು ಇರುತ್ತಿರಲಿಲ್ಲ. ನಿನ್ನದನ್ನು ಬಿಚ್ಚಿದವಳೇ ಯಾರು ಹೋದರೋ ಅಂತ ಮೊದಲು ಕೊನೆಯ ಸಾಲು ಓದಿದೆ.

ಎರಡನೆಯದು, ದೀಪ ಆರಲಿ ಅಂತ ಬರೆದಿದ್ದೀಯ. ಹಾಗನ್ನಬಾರದು. ಬರೆಯಲೂಬಾರದು. ಈ ವಯಸ್ಸಿನವರೆಗೂ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಅದಕ್ಕೆ ಬೇರೆ ಮಾತಿದೆ, ನಿನ್ನ ಅಮ್ಮನ್ನ ಕೇಳು. ದೇವರಿಗೆ ತುಪ್ಪದ ದೀಪ ಹಚ್ಚಿ ಅದರ ಮುಂದೆ ನಿಂತು "ನಮ್ಮ ಹುಡುಗಿಯ ದೀಪ" ಅಂತ ಶುರುಮಾಡಿ ಮುಂದಕ್ಕೆ ಹೇಳಲಾರದೆ, "ನಿನಗೆ ಗೊತ್ತಲ್ಲ" ಅಂತ ನಮಸ್ಕಾರ ಹಾಕಿ ಬಂದೆ.

ಪ್ರೋಟೀನ್ ಅಂದರೆ ಬೇಳೆಕಾಳು ಅಂತ ನಮ್ಮ ಡಾಕ್ಟರು ಹೇಳಿದ್ದರು. ಮೈಯೊಳಗೆ ಕೈಕಾಲು ಇರುವ ಆಳಿನ ಹಾಗೆ ಅದು ಕೆಲಸ ಮಾಡುತ್ತದೆ ಅಂತ ಇವತ್ತು ತಿಳಿಯಿತು. ಜಶೀಗೆ ಹೇಳಿದೆ. ಅವಳು ಕ್ಯಾನಿನ ಮುಚ್ಚಳ ಹಾಕುತ್ತಾ, "ಅಂದ್ರೆ ಮಾಸಿ, ಕಳ್ಳ ಬರಿಗೈಲಿ ಬಂದು ನಮ್ಮ ಕುಡುಗೋಲಲ್ಲೇ ನಮ್ಮ ಹುಲ್ಲು ಕೊಯ್ತಾನೆ" ಅಂದಳು. ನಿನಗಿಂತ ಬೇಗ ಹೇಳಿದಳು ನೋಡು.

ಆ ಕೆಲಸದವಳನ್ನು ತೆಗೆದರೆ ನಮ್ಮ ಜೀವಕೋಶದ ಗತಿಯೇನು? ಅದನ್ನು ನೀನು ಬರೆಯಲಿಲ್ಲ.

ಈ ತಿಂಗಳು ತರಕಾರಿ ಇಲ್ಲ. ಬರೀ ಬೇಳೆ ತೊವ್ವೆ ತಿಂದು ನಿಮ್ಮ ಮಾವ ನನ್ನ ವ್ರತಕ್ಕೆ ದಿನಾ ಸಹಸ್ರನಾಮ ಹೇಳುತ್ತಿದ್ದಾರೆ.

ಗೌರಮ್ಮ


॥ ಶ್ರೀ ॥
ವಡೋದರಾ
೧೦ ಆಗಸ್ಟ್ ೨೦೨೫

ಅತ್ತೆ,

ಶ್ರೀಕಾರ ಹಾಕಿದ್ದೇನೆ, ನೋಡಿದಿರಾ?

ನೀವು ಬರೆದದ್ದನ್ನು ಓದಿ ನಾನು ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಯಾಕೆಂದರೆ ಜೀವಕೋಶವೂ ನಿಮ್ಮ ತಂದೆಯ ಹಾಗೆ. ಅದರ ಒಳಗೆ ಓಡಾಡುವ ಕಾಗದಗಳ ತಲೆಯಲ್ಲಿ ಒಂದು ಗುರುತು ಇರಬೇಕು. ಗುರುತು ಇಲ್ಲದ ಕಾಗದವನ್ನು ಜೀವಕೋಶ ಓದುವುದಿಲ್ಲ, ಹರಿದು ಹಾಕುತ್ತದೆ. ಈ ವೈರಸ್ಸಿಗೆ ಆ ಗುರುತು ಹಾಕಲು ಬರುವುದಿಲ್ಲ. ಅದಕ್ಕೆ ಏನು ಮಾಡುತ್ತದೆ ಗೊತ್ತಾ? ನಮ್ಮ ಕಾಗದದ ತಲೆಯಿಂದ ಶ್ರೀಕಾರವನ್ನು ಕತ್ತರಿಸಿ ತನ್ನ ಚೀಟಿಗೆ ಅಂಟಿಸಿಕೊಳ್ಳುತ್ತದೆ. ಜೀವಕೋಶ ಪಾಪ, ಮನೆಯ ಕಾಗದವೇ ಅಂತ ಓದಿ, ಹೇಳಿದ್ದನ್ನೆಲ್ಲ ಮಾಡಿಕೊಡುತ್ತದೆ.

ವೈರಸ್ ಕತ್ತರಿಸುವಾಗ ನಮ್ಮ ಕಾಗದವನ್ನು ಯಾರೋ ಹಿಡಿದುಕೊಡುತ್ತಾರೆ. ಹಾಗೆ ಹಿಡಿದುಕೊಡುವ ಪ್ರೋಟೀನ್ ಯಾವುದು ಅಂತ ನನಗೆ ಗೊತ್ತಾಗಿದೆ ಅಂದುಕೊಂಡಿದ್ದೇನೆ. ಈಗ ಅದು ಇಲ್ಲದ ಜೀವಕೋಶ ಬೆಳೆಸುತ್ತಿದ್ದೇನೆ. ಇನ್ನೆರಡು ವಾರ.

ಜೀವಕೋಶದ ಗತಿ ಏನು ಅಂತ ಕೇಳಿದಿರಿ. ಅದು ಸಾಯುವುದಿಲ್ಲ, ನೋಡಿದ್ದೇನೆ. ಜಶೀಗೆ ನನ್ನ ನಮಸ್ತೆ ಹೇಳಿ.

ವಿಂಧ್ಯಾ


॥ ಶ್ರೀ ॥
ವಡೋದರಾ
೨೫ ಆಗಸ್ಟ್ ೨೦೨೫

ಅತ್ತೆ,

ದೀಪ ದೊಡ್ಡದಾಯಿತು. ಒಂದು ಸಲ ಅಲ್ಲ, ಮೂರು ಸಲ ಮಾಡಿದೆ. ಮೂರು ಸಲವೂ ದೊಡ್ಡದಾಯಿತು. ಸರ್ ನೋಡಿ ಏನೂ ಮಾತಾಡಲಿಲ್ಲ, ಎದ್ದು ಹೋದರು. ನನಗೆ ಹೆಚ್ಚು ಬರೆಯಲು ಆಗುತ್ತಿಲ್ಲ. ಎರಡು ದಿನದಿಂದ ಅಳುತ್ತಾ ಇದ್ದೇನೆ.

ವಿಂಧ್ಯಾ


॥ ಶ್ರೀ ॥
ಚಾಂದ್‌ಖೇಡಾ
೩ ಸೆಪ್ಟೆಂಬರ್ ೨೦೨೫, ಬುಧವಾರ, ಏಕಾದಶಿ

ನನ್ನ ಬಂಗಾರದಂಥ ವಿಂಧ್ಯಾಳಿಗೆ ಸಾವಿರ ಆಶೀರ್ವಾದ.

ನಿನ್ನ ಕಾಗದ ಗಣೇಶ ಹಬ್ಬದ ಮಾರನೆಯ ದಿನ ಕೈಗೆ ಬಂತು. ನಾಲ್ಕೇ ಸಾಲು, ಆದರೆ ಎಂಥ ಸಾಲು. ದೀಪ ದೊಡ್ಡದಾಯಿತು ಅಂತ ಎಷ್ಟು ಚೆನ್ನಾಗಿ ಬರೆದಿದ್ದೀಯ. ಒಂದು ಸಲ ಹೇಳಿದ್ದಕ್ಕೆ ಕಲಿತುಬಿಟ್ಟೆ. ಗೆದ್ದದ್ದಕ್ಕಿಂತ ಆ ಮಾತು ಓದಿಯೇ ನನಗೆ ಕಣ್ಣಲ್ಲಿ ನೀರು ಬಂತು. ನೀನೂ ಸಂತೋಷಕ್ಕೆ ಎರಡು ದಿನ ಅತ್ತಿದ್ದೀಯ. ಅಳು, ತಪ್ಪಿಲ್ಲ. ನಿಮ್ಮ ಸರ್ ಕೂಡ ಮಾತು ಬರದೆ ಎದ್ದು ಹೋದರಲ್ಲ, ದೊಡ್ಡ ಮನುಷ್ಯರು.

ಶನಿವಾರ ಕನ್ನಡ ಸಂಘದ ಗಣಪತಿಯ ಮುಂದೆ ಹೆಸರುಬೇಳೆ ಪಾಯಸ ಮಾಡಿ ಹಂಚಿದೆ. ಮೈಕು ಹಿಡಿದೆ ಕಣೆ, ಜನ್ಮದಲ್ಲಿ ಮೊದಲ ಸಲ. "ನಮ್ಮ ಅಣ್ಣನ ಮಗಳು ಉಣ್ಣಿಜ್ವರದ ವೈರಸ್ಸಿನ ದೀಪ ದೊಡ್ಡದು ಮಾಡಿದ್ದಾಳೆ" ಅಂದೆ. ನಮ್ಮ ಕಡೆಯವರೆಲ್ಲ ಚಪ್ಪಾಳೆ ಹೊಡೆದರು. ಎದುರು ಮನೆ ಮಹಿಮಾ, ಇಲ್ಲೇ ಹುಟ್ಟಿ ಬೆಳೆದವಳು, "ಆಂಟಿ, ದೊಡ್ಡದು ಮಾಡಿದ್ರೆ ಒಳ್ಳೆಯದಾ?" ಅಂತ ಕೇಳಿದಳು. ಈ ಕಾಲದ ಮಕ್ಕಳಿಗೆ ಏನೂ ಗೊತ್ತಿಲ್ಲ ಅಂತ ಬೈದು ಕೂರಿಸಿದೆ.

ಜಶೀಗೂ ಹೇಳಿದೆ. ನಿನ್ನ ಅಪ್ಪನಿಗೆ ನಿಮ್ಮ ಮಾವನ ಕೈಯಿಂದ ಫೋನು ಮಾಡಿಸಿದೆ. ನೀನು ಬೇಡ ಅಂದದ್ದು ಸೋತರೆ ಅಂತ ತಾನೆ, ಗೆದ್ದ ಮೇಲೆ ಮುಚ್ಚಿಡುವುದು ಯಾಕೆ. ಅಣ್ಣ ಫೋನಿನಲ್ಲೇ ಅತ್ತನಂತೆ.

ಗೌರಮ್ಮ


ವಡೋದರಾ
೯ ಸೆಪ್ಟೆಂಬರ್ ೨೦೨೫

ಅತ್ತೆ,

ಏನು ಮಾಡಿಬಿಟ್ಟಿರಿ ನೀವು.

ದೊಡ್ಡದಾಯಿತು ಅಂದರೆ ದೊಡ್ಡದಾಯಿತು. ಹೆಚ್ಚಾಯಿತು. ನಾನು ಆ ಪ್ರೋಟೀನ್ ತೆಗೆದ ಮೇಲೆ ಬೆಳಕು ಮೊದಲಿಗಿಂತ ಜಾಸ್ತಿ ಆಯಿತು. ವೈರಸ್ ಇನ್ನೂ ಜೋರಾಗಿ ಕೆಲಸ ಮಾಡಿತು. ನಾನು ಸೋತಿದ್ದೇನೆ ಅತ್ತೆ. ನಾನು ಅತ್ತದ್ದು ಸೋತದ್ದಕ್ಕೆ.

ಅಪ್ಪ ನಮ್ಮ ಸರ್‌ಗೆ ಫೋನು ಮಾಡಿ ಥ್ಯಾಂಕ್ಸ್ ಹೇಳಿದ್ದಾರೆ. ಸರ್ ನನ್ನನ್ನು ಕರೆದು, "ನಿಮ್ಮ ತಂದೆಯವರಿಗೆ ಯಾರಮ್ಮ ಹೇಳಿದ್ದು ಗೆದ್ದೆ ಅಂತ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನನ್ನು ಸುಳ್ಳಿ ಅಂದುಕೊಂಡಿದ್ದಾರೆ.

ಅಮ್ಮನ್ನ ಕೇಳಿದೆ. ದೀಪ ದೊಡ್ಡದು ಮಾಡು ಅಂದರೆ ಆರಿಸು ಅಂತ ಅರ್ಥವಂತೆ. ಅಲ್ಲ ಅತ್ತೆ, ಆರಿಸುವುದಕ್ಕೆ ದೊಡ್ಡದು ಮಾಡು ಅನ್ನುವ ಭಾಷೆಯಲ್ಲಿ ಕೆಲಸದ ಮಾತು ಹೇಗೆ ಬರೆಯುವುದು? ನನಗೆ ಬೇಡ ಈ ಕನ್ನಡ. ದೀಪಾವಳಿಗೆ ಇನ್ನು ಆರು ವಾರ. ಸರ್ ಹೇಳುವ ಮೊದಲು ನಾನೇ ಬೇರೆ ವಿಷಯ ಕೇಳಿಕೊಳ್ಳುತ್ತೇನೆ.

ವಿಂಧ್ಯಾ


॥ ಶ್ರೀ ॥
ಚಾಂದ್‌ಖೇಡಾ
೧೭ ಸೆಪ್ಟೆಂಬರ್ ೨೦೨೫, ಬುಧವಾರ, ಏಕಾದಶಿ

ಚಿ. ವಿಂಧ್ಯಾಳಿಗೆ ಆಶೀರ್ವಾದ.

ತಪ್ಪು ನನ್ನದು. ಬೇರೆ ಮಾತಿದೆ ಅಂತ ಬರೆದೆನೇ ಹೊರತು, ಅದು ಯಾವುದು ಅಂತ ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಳ್ಳುವುದು ನನ್ನ ಹಳೆಯ ಚಾಳಿ.

ಭಾನುವಾರ ಸಂಘದ ಸಭೆಯಲ್ಲಿ ಎದ್ದು ನಿಂತು, "ಹುಡುಗಿ ಸರಿಯಾಗೇ ಬರೆದಿದ್ದಳು, ನಾನು ತಪ್ಪಾಗಿ ಓದಿದೆ" ಅಂತ ಹೇಳಿದೆ. ಮಹಿಮಾ ಹಿಂದಿನ ಸಾಲಿನಿಂದ, "ಹಾಗಾದ್ರೆ ಪಾಯಸ ವಾಪಸ್ ಕೊಡಬೇಕಾ ಆಂಟಿ?" ಅಂದಳು. "ಜೀರ್ಣ ಆಗಿರತ್ತೆ, ಇಟ್ಕೋ" ಅಂದೆ. ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ನಿಮ್ಮ ಸರ್‌ಗೂ ಒಂದು ಕಾಗದ ಬರೆದು ಹಾಕಿದ್ದೇನೆ, ಹುಡುಗಿ ಸುಳ್ಳು ಹೇಳುವವಳಲ್ಲ ಅಂತ. ಬಳ್ಳಾರಿ ಕಡೆಯವರು ಅಂತ ನೀನೇ ಒಂದು ಸಲ ಹೇಳಿದ್ದೆ. ಓದಿದರೆ ಅರ್ಥವಾಗುತ್ತದೆ.

ಜಶೀಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಹಾಲು ಅಳೆದು ಹಾಕಿ, ಗವಸು ಸರಿಮಾಡಿಕೊಂಡು ಹೋದಳು.

ಒಂದು ಮಾತು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಬೈಯಬೇಡ. ವೈರಸ್ಸಿಗೆ ಕಾಗದ ಹಿಡಿದುಕೊಡುವವಳನ್ನೇ ಮನೆಯಿಂದ ಕಳಿಸಿದೆ. ಕೆಲಸ ನಿಲ್ಲಬೇಕಾಗಿತ್ತು. ನಿಲ್ಲುವ ಬದಲು ಇನ್ನೂ ಜೋರಾಯಿತು ಅಂತೀಯ. ಅದನ್ನು ಓದಿದ ಕೂಡಲೆ ನನಗೆ ನೆನಪಾದದ್ದು ನನ್ನ ಓರಗಿತ್ತಿ ಮೀರಾ. ಈಗ ನಿಮ್ಮ ಸೂರತ್ತಿನಲ್ಲೇ, ಕತಾರ್‌ಗಾಮ್‌ನಲ್ಲಿದ್ದಾಳೆ.

ಅವಳು ಮದುವೆಯಾಗಿ ಬಂದ ಹೊಸದು. ಹಿರಿಯೂರಿನ ಮನೆಯಲ್ಲಿ ಅಡುಗೆ ಪೂರ್ತಿ ನನ್ನದು. ಸಾರಿಗೆ ಒಗ್ಗರಣೆ ಹಾಕಲೂ ಅವಳಿಗೆ ಬಿಡುತ್ತಿರಲಿಲ್ಲ ನಾನು. ಕಾಯಿ ತುರಿ, ಎಲೆ ಹಾಸು, ಅಷ್ಟೇ. ಕಿಶೋರ ಹುಟ್ಟುವಾಗ ತವರಿಗೆ ಹೋದೆ. ನಾನಿಲ್ಲದೆ ಈ ಮನೆಯವರು ಉಪವಾಸ ಬೀಳುತ್ತಾರೆ ಅಂತ ಮನಸ್ಸಿನಲ್ಲೇ ಸಂತೋಷ, ಸುಳ್ಳೇಕೆ. ಐದು ತಿಂಗಳು ಬಿಟ್ಟು ಬಂದು ನೋಡಿದರೆ ಜಗಲಿಯ ಮೇಲೆ ನೆಂಟರ ಸಾಲು. ಮೊದಲು ಒಂದು ಹೊತ್ತು ಉಂಡು ಹೋಗುತ್ತಿದ್ದವರು ಎರಡು ದಿನ ನಿಲ್ಲುತ್ತಿದ್ದಾರೆ. ಮೀರಾ ಒಬ್ಬಳೇ ಮೂವರ ಕೆಲಸ ಮಾಡುತ್ತಿದ್ದಾಳೆ, ಸೌಟು ಕೈಯಲ್ಲಿ ಕುಣಿಯುತ್ತಿದೆ. ನಮ್ಮ ಮಾವನವರು ಮಜ್ಜಿಗೆ ಹುಳಿ ಸುರಿದುಕೊಂಡು, "ಗೌರಮ್ಮ, ಇನ್ನೆರಡು ತಿಂಗಳು ತವರಲ್ಲೇ ಇರಬಹುದಾಗಿತ್ತಲ್ಲಮ್ಮ, ಏನು ಅವಸರ?" ಅಂದರು. ಆ ಉರಿ ನನಗೆ ಇನ್ನೂ ಇದೆ.

ನಾನಿರುವವರೆಗೂ ಅವಳು ನನ್ನ ಹಿಂದೆ ಇದ್ದಳು, ಯಾರಿಗೂ ಕಾಣಲಿಲ್ಲ. ನಾನು ಹೋದ ಮೇಲೆ ಕಂಡಳು. ನಿನ್ನ ಜೀವಕೋಶದ ಮನೆಯಲ್ಲಿ ಓರಗಿತ್ತಿ ಇಲ್ಲವೆ? ನೀನು ಯಾರನ್ನು ಕಳಿಸಿದೆ ಅಂತ ನೋಡಿದೆ. ಈಗ ಸೌಟು ಯಾರ ಕೈಯಲ್ಲಿದೆ ಅಂತ ನೋಡಿದೆಯಾ? ಇಬ್ಬರನ್ನೂ ಕಳಿಸುವುದಾದರೆ ಮನೆಯವರು ಬದುಕಿರಬೇಕು, ಅದನ್ನೂ ನೋಡು. ಮನೆ ಬಿದ್ದು ದೀಪ ಹೋದರೆ ಅದು ಗೆದ್ದ ಹಾಗಲ್ಲ.

ಇದು ಅಡುಗೆಮನೆಯ ಮಾತು. ಏಳನೆಯ ಕ್ಲಾಸು ಓದಿದವಳು ಪಿಎಚ್‌ಡಿಯವಳಿಗೆ ಹೇಳುವುದಲ್ಲ. ಹೊಟ್ಟೆ ತುಂಬ ಊಟ ಮಾಡು.

ಗೌರಮ್ಮ


॥ ಶ್ರೀ ॥
ಚಾಂದ್‌ಖೇಡಾ
೩ ಅಕ್ಟೋಬರ್ ೨೦೨೫, ಶುಕ್ರವಾರ, ಏಕಾದಶಿ

ಚಿ. ವಿಂಧ್ಯಾಳಿಗೆ ಆಶೀರ್ವಾದ.

ನನ್ನ ಕಾಗದ ಹೋಗಿ ಹದಿನಾರು ದಿನವಾಯಿತು. ನಿನ್ನಿಂದ ಒಂದು ಗೀಟೂ ಇಲ್ಲ. ನವರಾತ್ರಿ ಮುಗಿಯಿತು, ಬೊಂಬೆ ಮಲಗಿಸಿದೆ. ದಿನಾ ಹನ್ನೊಂದು ಗಂಟೆಗೆ ಮೆಟ್ಟಿಲಿಳಿದು ಅಂಚೆಡಬ್ಬಿ ನೋಡಿ ಬರುತ್ತೇನೆ.

ಓರಗಿತ್ತಿ ಮಾತು ಬರೆದದ್ದು ನಿನಗೆ ಹಾಸ್ಯ ಮಾಡಿದ ಹಾಗೆ ಕಂಡಿತೋ ಏನೋ. ನಿನ್ನ ನಾಲ್ಕು ವರ್ಷಕ್ಕೆ ನಾನು ಸಾರಿನ ಕಥೆ ಹೇಳಿದೆ. ಮೊನ್ನೆ ನಿಮ್ಮ ಮಾವನ ಫೋನಿನಲ್ಲಿ ನಿನ್ನ ಹೆಸರು ಬಂತು. ನಾನು ಪಕ್ಕದಲ್ಲೇ ಕೂತಿದ್ದೆ, ಕೈ ಮುಂದಕ್ಕೆ ಹೋಯಿತು. ಅವರು, "ವ್ರತ ಮುರೀತೀಯೇನೆ?" ಅಂದರು. ಕೈ ಹಿಂದಕ್ಕೆ ತೆಗೆದುಕೊಂಡೆ. ನೀನು ಕೊನೆಗೆ ಹೇಳಿದ್ದಷ್ಟೇ ನನ್ನ ಕಿವಿಗೆ ಬಿತ್ತು, "ಮಾವ, ಅತ್ತೆಗೆ ಏನೂ ಹೇಳಬೇಡಿ, ನಾನೇ ಬರೀತೀನಿ" ಅಂತ. ಅವರೂ ಬಾಯಿ ಬಿಡುತ್ತಿಲ್ಲ. ಕೆಲಸ ಬಿಟ್ಟ ಸುದ್ದಿ ಇರಬೇಕು ಅಂತ ನನಗೆ ಗೊತ್ತಾಯಿತು.

ಬಿಟ್ಟರೂ ನೀನು ನಮ್ಮ ಹುಡುಗಿಯೇ. ಬೈದಾದರೂ ಬರೆ.

ಗೌರಮ್ಮ


॥ ಶ್ರೀ ॥
ವಡೋದರಾ
೧೧ ಅಕ್ಟೋಬರ್ ೨೦೨೫

ಪ್ರೀತಿಯ ಅತ್ತೆ,

ಕೂತುಕೊಂಡು ಓದಿ.

ನಿಮ್ಮ ಮೀರಾ ಚಿಕ್ಕಮ್ಮನ ಕಥೆ ಬಂದ ದಿನ ನಾನು ಬೇರೆ ವಿಷಯದ ಅರ್ಜಿ ಬರೆದು ಮುಗಿಸಿದ್ದೆ. ಕಾಗದ ಓದಿ ನಕ್ಕೆ. ಆಮೇಲೆ ನಗು ನಿಂತಿತು. ನಾನು ತೆಗೆದ ಪ್ರೋಟೀನ್‌ಗೆ ಒಂದು ಜೋಡಿ ಇದೆ ಅತ್ತೆ. ಅದರ ಹಾಗೇ ಇರುವ, ಸಣ್ಣ, ಯಾರೂ ಗಮನ ಕೊಡದ ಪ್ರೋಟೀನ್. ಒಂದನ್ನು ತೆಗೆದರೆ ಜೋಡಿಯದು ಹೆಚ್ಚಾಗಬಹುದು ಅಂತ ನಮ್ಮ ಪುಸ್ತಕಗಳಲ್ಲೂ ಇದೆ. ಪರೀಕ್ಷೆಗೆ ಓದಿದ್ದೆ. ಸೋತ ಸಿಟ್ಟಿನಲ್ಲಿ ನೆನಪೇ ಆಗಲಿಲ್ಲ.

ಓಡಿಹೋಗಿ ಫ್ರೀಜರಿನಿಂದ ಆಗಸ್ಟ್ ತಿಂಗಳ ಜೀವಕೋಶ ತೆಗೆದು ನೋಡಿದೆ. ದೊಡ್ಡವಳು ಇಲ್ಲ. ಸಣ್ಣವಳು ನಾಲ್ಕರಷ್ಟು ಹೆಚ್ಚಾಗಿದ್ದಾಳೆ. ಸೌಟು ಅವಳ ಕೈಯಲ್ಲಿತ್ತು. ಕಾಗದ ಹಿಡಿದುಕೊಡುವ ಕೆಲಸ ಅವಳೇ ಇನ್ನೂ ಚೆನ್ನಾಗಿ ಮಾಡುತ್ತಿದ್ದಳು. ವೈರಸ್ಸಿಗೆ ಹಬ್ಬ.

ಆಮೇಲೆ ಇಬ್ಬರನ್ನೂ ತೆಗೆದೆ.

ಯಾವ ಪದ ಬರೆಯಬೇಕು ಅಂತ ಗೊತ್ತಾಗುತ್ತಿಲ್ಲ, ಅದಕ್ಕೆ ತಪ್ಪು ತಿಳಿಯಲು ಆಗದ ಹಾಗೆ ಬರೆಯುತ್ತೇನೆ. ಬೆಳಕು ಇಲ್ಲ. ಕತ್ತಲೆ. ಮೆಷೀನು ಕೆಟ್ಟಿದೆಯೇನೋ ಅಂತ ಬೇರೆ ಮೆಷೀನಿನಲ್ಲಿ ನೋಡಿದೆ. ಅಲ್ಲೂ ಕತ್ತಲೆ. ಮನೆಯವರು ಬದುಕಿದ್ದಾರೆ ಅತ್ತೆ. ಜೀವಕೋಶಗಳು ಸ್ವಲ್ಪ ನಿಧಾನ ಬೆಳೆಯುತ್ತಿವೆ, ಆದರೆ ಆರೋಗ್ಯವಾಗಿವೆ. ಸಣ್ಣವಳನ್ನು ವಾಪಸ್ ಹಾಕಿದರೆ ಬೆಳಕು ವಾಪಸ್. ತೆಗೆದರೆ ಮತ್ತೆ ಕತ್ತಲೆ. ಐದು ಸಲ ಮಾಡಿದೆ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇರಲಿಲ್ಲ, ಅದಕ್ಕೆ ಯಾವ ತಟ್ಟೆಯಲ್ಲಿ ಏನಿದೆ ಅಂತ ಹೇಳದೆ ನಮ್ಮ ಲ್ಯಾಬಿನ ಅರ್ಚಿತಾ ಕೈಯಲ್ಲಿ ಮಾಡಿಸಿದೆ. ಅವಳು ಬಂದು, "ನಿನ್ನ ಮೂರನೇ ತಟ್ಟೆ ಸತ್ತುಹೋಗಿದೆಯಾ, ಏನೂ ಕಾಣಿಸ್ತಿಲ್ಲ?" ಅಂದಳು. ಅವಳನ್ನು ಎತ್ತಿ ತಿರುಗಿಸಿಬಿಟ್ಟೆ. ಮೂರನೇ ತಟ್ಟೆಯೇ ಅತ್ತೆ, ಇಬ್ಬರೂ ಇಲ್ಲದ ತಟ್ಟೆ.

ಅದು ಪಕ್ಕಾ ಆಗುವವರೆಗೆ ನಿಮಗೆ ಬರೆಯುವುದಿಲ್ಲ ಅಂತ ಹಟ ಹಿಡಿದೆ. ಇನ್ನೊಂದು ಸಲ ನೀವು ಪಾಯಸ ಮಾಡಿ ನಾಚಿಕೊಳ್ಳುವುದು ಬೇಡ ಅಂತ. ನೀವು ಬೇರೆ ಏನೋ ಅಂದುಕೊಂಡು ಡಬ್ಬಿ ನೋಡುತ್ತಿದ್ದಿರಿ. ಕ್ಷಮಿಸಿ.

ಇದು ಔಷಧಿ ಅಲ್ಲ. ಪೂರ್ತಿ ವೈರಸ್ ಮೇಲೆ ದೊಡ್ಡ ಭದ್ರತೆಯ ಲ್ಯಾಬಿನಲ್ಲಿ ನೋಡಬೇಕು. ವರ್ಷಗಳು ಬೇಕು. ಆದರೆ ವೈರಸ್ ಎಲ್ಲಿ ಒರಗಿಕೊಂಡು ನಿಲ್ಲುತ್ತದೆ ಅಂತ ಈಗ ಗೊತ್ತಾಯಿತು.

ಸರ್‌ಗೆ ನಿಮ್ಮ ಕಾಗದ ಮೊದಲೇ ಬಂದಿತ್ತಂತೆ. ಓದಿ ನಕ್ಕು, "ನಮ್ಮಜ್ಜಿನೂ ದೊಡ್ಡದು ಮಾಡು ಅಂತಿದ್ದರು, ನನಗೇ ಹೊಳೀಲಿಲ್ಲ ನೋಡಮ್ಮ" ಅಂದರು. ಫಲಿತಾಂಶ ನೋಡಿದ ಮೇಲೆ ಇನ್ನೊಂದು ಮಾತು ಹೇಳಿದರು. ಈ ಎರಡು ಪ್ರೋಟೀನ್‌ಗಳ ಹೆಸರು ಉದ್ದ, ಬರೀ ಅಕ್ಷರ ಮತ್ತು ನಂಬರು. ಲ್ಯಾಬಿನಲ್ಲಿ ಎಲ್ಲರೂ ಈಗಾಗಲೇ ಗೌರಮ್ಮ, ಮೀರಾ ಅಂತ ಕರೆಯುತ್ತಿದ್ದಾರೆ. ನವೆಂಬರ್ ೧೦ಕ್ಕೆ ನಾನು ಈ ಕೆಲಸದ ಬಗ್ಗೆ ಸಭೆಯಲ್ಲಿ ಎಲ್ಲರ ಮುಂದೆ ಹೇಳಬೇಕು. ಅಲ್ಲಿ ಮೊದಲಿಗೆ ನಿಮ್ಮ ಹಿರಿಯೂರಿನ ಕಥೆ ಹೇಳಿ, ಇದೇ ಹೆಸರು ಬಳಸಬಹುದಾ ಅಂತ ನಿಮ್ಮನ್ನು ಕೇಳಲು ಹೇಳಿದ್ದಾರೆ. ಬರವಣಿಗೆಯಲ್ಲಿ ಒಪ್ಪಿಗೆ ಬೇಕಂತೆ. ನೀವೂ ಬರಬೇಕು. ಮೊದಲ ಸಾಲಿನಲ್ಲಿ.

ನಿಮ್ಮ ವಿಂಧ್ಯಾ


॥ ಶ್ರೀ ॥
ಚಾಂದ್‌ಖೇಡಾ
೧೭ ಅಕ್ಟೋಬರ್ ೨೦೨೫, ಶುಕ್ರವಾರ, ಏಕಾದಶಿ

ಚಿರಂಜೀವಿ ವಿಂಧ್ಯಾಳಿಗೆ ನಿನ್ನ ಅತ್ತೆ ಗೌರಮ್ಮನ ಆಶೀರ್ವಾದ.

ಕಾಗದ ನಿನ್ನೆ ಬಂತು. ಅಂಚೆಡಬ್ಬಿಯ ಹತ್ತಿರವೇ ಒಡೆದೆ. ಕೂತು ಓದು ಅಂತ ಬರೆದಿದ್ದೀಯ, ಅಲ್ಲಿ ಕೂರಲು ಜಾಗವಿಲ್ಲ, ಮೆಟ್ಟಿಲ ಮೇಲೆ ಕೂತೆ. ಎರಡು ಸಲ ಓದಿದೆ. ಒಂದು ಸಲ ಓದಿ ನಂಬುವ ಅಭ್ಯಾಸ ಬಿಟ್ಟಿದ್ದೇನೆ. ಮಹಿಮಾ ಮೇಲಿನಿಂದ ಇಳಿದು ಬರುತ್ತಿದ್ದಳು. ಅವಳ ಕೈಗೆ ಕೊಟ್ಟು, "ಕನ್ನಡ ಓದಕ್ಕೆ ಬರತ್ತಾ ನಿಂಗೆ?" ಅಂದೆ. "ಕೂಡಿಸಿ ಕೂಡಿಸಿ ಓದ್ತೀನಿ ಆಂಟಿ" ಅಂದಳು. ಕತ್ತಲೆ ಅನ್ನುವ ಪದದ ಹತ್ತಿರ ಬಂದಾಗ ಜೋರಾಗಿ ಮತ್ತೆ ಓದಿಸಿದೆ. ಕ-ತ್ತ-ಲೆ. ಇಬ್ಬರೂ ಒಂದೇ ಅರ್ಥ ತಿಳಿದುಕೊಂಡೆವು ಅಂತ ಖಚಿತ ಮಾಡಿಕೊಂಡು ಎದ್ದೆ.

ಇವತ್ತು ಬೆಳಿಗ್ಗೆ ಜಶೀ ಬಂದಳು. ಸಂಜೆ ಇಲ್ಲಿಯವರಿಗೆ ವಾಘ್ ಬಾರಸ್, ಹಸು ಕರುವಿನ ಪೂಜೆ, ಅವಳಿಗೆ ಅವಸರ. ಬಾಗಿಲಲ್ಲೇ ನಿಲ್ಲಿಸಿದೆ. ಯಾವ ಭಾಷೆಯಲ್ಲಿ ಹೇಳಿದರೂ ಸುತ್ತಿ ಬಳಸಿ ಹೇಳಬಾರದು ಅಂತ ರಾತ್ರಿಯೇ ತೀರ್ಮಾನ ಮಾಡಿದ್ದೆ. ಐವತ್ತು ವರ್ಷ ಬಾಯಲ್ಲಿ ಬರದ ಮಾತು, ಎಣ್ಣೆ ಬತ್ತಿ ಮುಂದಿಟ್ಟುಕೊಂಡು ಪೂಜೆ ಮಾಡುವವಳು, ನನ್ನ ಹೊಸಿಲ ಮೇಲೆ ನಿಂತು ಹೇಳಿದೆ. ಆರಿತು. ನಿನ್ನ ಅಮ್ಮನ್ನ ತೆಗೆದುಕೊಂಡು ಹೋದ ವೈರಸ್ಸಿನ ದೀಪವನ್ನ ನಮ್ಮ ಹುಡುಗಿ ಆರಿಸಿದಳು. ಇಲ್ಲೂ ಬರೆಯುತ್ತೇನೆ ನೋಡು, ಆರಿತು, ಆರಿತು, ಆರಿತು. ದೇವರು ಏನೂ ಅಂದುಕೊಳ್ಳಲಿಲ್ಲ. ಒಳಗೆ ಹೋಗಿ ನೋಡಿದೆ, ತುಪ್ಪದ ದೀಪ ನೆಟ್ಟಗೆ ಉರಿಯುತ್ತಿತ್ತು.

ಜಶೀ, "ಔಷಧಿ ಯಾವಾಗ ಬರುತ್ತೆ ಮಾಸಿ?" ಅಂದಳು. ವರ್ಷಗಳು ಬೇಕು ಅಂತ ನೀನು ಬರೆದದ್ದನ್ನೇ ಹೇಳಿದೆ. ಈ ಸಲ ಒಂದು ಚೂರೂ ಸೇರಿಸಲಿಲ್ಲ. ಅವಳು ಕ್ಯಾನು ಕೆಳಗಿಟ್ಟು ಗವಸು ಬಿಚ್ಚಿ, ತನ್ನ ಹೆಬ್ಬೆರಳ ಉಗುರು ನೋಡಿಕೊಂಡು, "ಮಾ ದಿನಾ ಒಂದೊಂದೇ ಹಿಸುಕ್ತಿದ್ದಳು. ನಿಮ್ಮ ಹುಡುಗಿ ಒಟ್ಟಿಗೆ ಹಿಸುಕಿದಳು" ಅಂದಳು. ಹೋಗುವಾಗ ಅರ್ಧ ಲೀಟರು ಹಾಲು ಹೆಚ್ಚು ಹಾಕಿದಳು, ಬೇಡ ಅಂದರೂ ಕೇಳಲಿಲ್ಲ. ನಾಳೆ ದ್ವಾದಶಿ ಪಾರಣೆಗೆ ಅದರಲ್ಲೇ ಪಾಯಸ. ಅಕ್ಕಿಯದು, ಬೇಳೆ ಇಲ್ಲ. ಈ ತಿಂಗಳು ನನ್ನದು ದ್ವಿದಳ ವ್ರತ, ನಾನೂ ಪ್ರೋಟೀನ್ ತೆಗೆದು ನೋಡುತ್ತಿದ್ದೇನೆ. ನಿಮ್ಮ ಮಾವನಿಗೆ ಮಾತ್ರ ಕತ್ತಲೆ ಬರುತ್ತಿದೆಯಂತೆ ಕಣ್ಣಿಗೆ.

ನವೆಂಬರಿಗೆ ಖಂಡಿತ ಬರುತ್ತೇನೆ. ಆ ಹೊತ್ತಿಗೆ ವ್ರತವೂ ಮುಗಿದಿರುತ್ತದೆ. ಮೊದಲ ಸಾಲು ಬೇಡ, ಎಲ್ಲರ ಮುಖ ಕಾಣುವ ಹಾಗೆ ಹಿಂದೆ ಕೂರುತ್ತೇನೆ. ಚಪ್ಪಾಳೆ ಹೊಡೆಯದವರು ಯಾರು ಅಂತ ನೋಡಬೇಕು.

ಇನ್ನು ಒಪ್ಪಿಗೆಯ ಮಾತು. ನನ್ನದನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ, ನಿಮ್ಮ ಸರ್‌ಗೆ ಕೊಡು. ಆದರೆ ಹೆಸರು ಇಬ್ಬರದು. ನನ್ನೊಬ್ಬಳ ಒಪ್ಪಿಗೆ ಸಾಲದು. ಅವಳನ್ನು ಕೇಳದೆ ಆ ಮನೆಯಲ್ಲಿ ನಾನು ಬಹಳ ಮಾಡಿದ್ದೇನೆ, ಇದೊಂದನ್ನು ಕೇಳಿಯೇ ಮಾಡೋಣ. ಅದಕ್ಕೆ ಇನ್ನೊಂದು ಕಾಗದ ಇದರೊಳಗೆ ಮಡಚಿಟ್ಟಿದ್ದೇನೆ, ಮೀರಾಗೆ. ಓದಬೇಡ. ಓದಿದರೂ ಅದರಲ್ಲಿ ಇರುವುದು ಇಷ್ಟೇ. ಮಾವನವರು ಹೇಳಿದ್ದು ನಿಜ, ನಿನ್ನ ಮಜ್ಜಿಗೆ ಹುಳಿ ನನ್ನದಕ್ಕಿಂತ ಚೆನ್ನಾಗಿತ್ತು, ಆವತ್ತೇ ಹೇಳಬೇಕಾಗಿತ್ತು ಅಂತ ಬರೆದಿದ್ದೇನೆ. ವಡೋದರಾದವರು ನಿನ್ನ ಹೆಸರು ಕೇಳುತ್ತಿದ್ದಾರೆ, ಕೊಡುತ್ತೀಯಾ ಅಂತಲೂ ಬರೆದಿದ್ದೇನೆ.

ದೀಪಾವಳಿಗೆ ನೀನು ಅಡಾಜಣ್‌ಗೆ ಹೊರಡುವುದರೊಳಗೆ ಸಿಗಲಿ ಅಂತ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ, ಮೀರಾಳ ಕಾಗದ ನಿನ್ನ ಅಪ್ಪನ ಕೈಗೆ ಕೊಡು. ಅಂಚೆಯಲ್ಲಿ ಬೇಡ. ಅಣ್ಣನೇ ತಾಪಿ ಹೊಳೆ ದಾಟಿ ಕತಾರ್‌ಗಾಮ್‌ಗೆ ಹೋಗಲಿ, ಅವಳು ಓದುವವರೆಗೆ ಅಲ್ಲೇ ಕೂತಿರಲಿ, ಕಾಫಿ ಕೊಟ್ಟರೆ ಕುಡಿಯಲಿ. ಅವಳು ಏನು ಬರೆದುಕೊಟ್ಟರೂ ಸರಿ, ಬೈದು ಬರೆದರೂ ಸರಿ, ಅವಳ ಉತ್ತರವನ್ನು ಇಸಿದುಕೊಂಡೇ ಬರಬೇಕು ಅಂತ ಅವನಿಗೆ ಹೇಳು.

ಗೌರಮ್ಮ